ಕ್ಯಾಲಿಫೋರ್ನಿಯನ್ ಹಡಗಲ್ಲಿ ರೇಡಿಯೋ ಇತ್ತು, ಆಪರೇಟರ್ ಇದ್ದ, ಆದ್ರೂ ಟೈಟಾನಿಕ್‌ನ ಕರೆ ಯಾಕೆ ಕೇಳಿಸ್ಲಿಲ್ಲ: ಒಂದು ಪ್ರಕರಣ ಅಧ್ಯಯನ

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಿಮಬಂಡೆಗೆ ಹೊಡೆದಾಗ ಸುತ್ತಮುತ್ತ ಇದ್ದ ಹಡಗುಗಳಲ್ಲಿ ತೀರಾ ಹತ್ತಿರದ್ದು ಅಂದ್ರೆ ಕ್ಯಾಲಿಫೋರ್ನಿಯನ್. ಲೇಲ್ಯಾಂಡ್ ಲೈನ್ ಕಂಪನಿಯ ಹಡಗು, ಲಂಡನ್ನಿಂದ ಬಾಸ್ಟನ್‌ಗೆ ಸರಕು ತಗೊಂಡು ಹೋಗ್ತಿತ್ತು, ಆ ಸಲ ಪ್ರಯಾಣಿಕರು ಯಾರೂ ಇರ್ಲಿಲ್ಲ. ಅದ್ರಲ್ಲಿ ಮಾರ್ಕೋನಿ ಕಂಪನಿಯ ವೈರ್‌ಲೆಸ್ ಸೆಟ್ ಇತ್ತು, ಕೆಟ್ಟಿರ್ಲಿಲ್ಲ. ಸಿರಿಲ್ ಇವಾನ್ಸ್ ಅನ್ನೋ 20 ವರ್ಷದ ಹುಡುಗ ಅದರ ಆಪರೇಟರ್, ಕೆಲಸ ಗೊತ್ತಿದ್ದವನೇ. ಆದ್ರೂ ಟೈಟಾನಿಕ್ ಎರಡು ಗಂಟೆ ಹೊತ್ತು ಸಹಾಯಕ್ಕೆ ಕೂಗಿದ್ದು ಈ ಹಡಗಿಗೆ ಕೇಳಿಸ್ಲೇ ಇಲ್ಲ, ಯಾಕಂದ್ರೆ ಆ ಹೊತ್ತಲ್ಲಿ ಹೆಡ್‌ಫೋನ್ ಯಾರ ಕಿವಿಯಲ್ಲೂ ಇರ್ಲಿಲ್ಲ, ಮತ್ತೆ ಇರಬೇಕು ಅಂತ ಯಾವ ಕಾನೂನೂ ಹೇಳಿರ್ಲಿಲ್ಲ.

ಹಡಗಿನ ರೇಡಿಯೋ ಕಾನೂನು ಓದೋರು ಸಾಮಾನ್ಯವಾಗಿ ಯಾವ ಉಪಕರಣ ಕಡ್ಡಾಯ, ಎಷ್ಟು ವ್ಯಾಟ್, ಎಷ್ಟು ಬ್ಯಾಟರಿ ಅಂತ ಪಟ್ಟಿ ಬಾಯಿಪಾಠ ಮಾಡ್ತಾರೆ. ನನಗೆ ಈ ಪ್ರಕರಣ ಮುಖ್ಯ ಅನ್ಸೋದು ಬೇರೆ ಕಾರಣಕ್ಕೆ. ಉಪಕರಣ ಇಡಿ ಅನ್ನೋ ಕಾನೂನು ಮೊದಲು ಬಂತು, ಕೇಳಿಸ್ಕೊಳ್ಳೋಕೆ ಒಬ್ಬರನ್ನ ಇಡಿ ಅನ್ನೋದು ಆಮೇಲೆ ಬಂತು, ಈ ಎರಡರ ನಡುವಿನ ಸಂದಿನಲ್ಲೇ ಈ ರಾತ್ರಿ ಬಿದ್ದಿದ್ದು.

ಮೊದಲು ಆ ರಾತ್ರಿ ಏನಾಯ್ತು ನೋಡೋಣ. ಎರಡೂ ಹಡಗಿನ ಗಡಿಯಾರಕ್ಕೆ ಕೆಲವು ನಿಮಿಷ ವ್ಯತ್ಯಾಸ ಇತ್ತು, ಅದಕ್ಕೆ ಸಮಯಗಳನ್ನ ಸುಮಾರು ಅಂತಾನೇ ತಗೊಳ್ಳಿ. ರಾತ್ರಿ 10:20ರ ಹೊತ್ತಿಗೆ ಕ್ಯಾಲಿಫೋರ್ನಿಯನ್ ಎದುರಿಗೆ ಹಿಮದ ಬಯಲೇ ಸಿಕ್ತು, ಕ್ಯಾಪ್ಟನ್ ಸ್ಟ್ಯಾನ್ಲಿ ಲಾರ್ಡ್ ಇಂಜಿನ್ ನಿಲ್ಸಿ ಬೆಳಗಾಗೋವರೆಗೆ ಇಲ್ಲೇ ಇರೋಣ ಅಂದ್ರು, ಅದು ಸರಿಯಾದ ನಿರ್ಧಾರ. ಆಮೇಲೆ ಇವಾನ್ಸ್ ಹತ್ರ ಸುತ್ತಮುತ್ತ ಯಾವ ಹಡಗು ಇದೆ ಅಂತ ಕೇಳಿದ್ರು, ಟೈಟಾನಿಕ್ ಇದೆ ಅಂದ ಅವನು, ಹಾಗಾದ್ರೆ ನಾವು ಹಿಮದಲ್ಲಿ ನಿಂತಿದ್ದೀವಿ ಅಂತ ಅವರಿಗೆ ಹೇಳು ಅಂದ್ರು. 11 ಗಂಟೆ ಸುಮಾರಿಗೆ ಇವಾನ್ಸ್ ಕೀ ಒತ್ತಿ, ಆಪರೇಟರ್‌ಗಳು ಒಬ್ಬರಿಗೊಬ್ಬರು ಗೆಳೆಯರ ಥರ ಮಾತಾಡೋ ಧಾಟಿಯಲ್ಲಿ, ನಾವು ನಿಂತುಬಿಟ್ಟಿದ್ದೀವಿ ಸುತ್ತ ಹಿಮ ಅಂತ ಕಳಿಸಿದ. ಟೈಟಾನಿಕ್‌ನ ಹಿರಿಯ ಆಪರೇಟರ್ ಜ್ಯಾಕ್ ಫಿಲಿಪ್ಸ್ ಕಡೆಯಿಂದ ಬಂದ ಉತ್ತರ, ಬಾಯ್ಮುಚ್ಚು, ನಾನು ಬಿಜಿ, ಕೇಪ್ ರೇಸ್ ಜೊತೆ ಕೆಲಸ ಮಾಡ್ತಿದ್ದೀನಿ ಅಂತ.

ಈ ಉತ್ತರವನ್ನ ಬರೀ ದುರಹಂಕಾರ ಅಂತ ಓದಿದ್ರೆ ಪ್ರಕರಣದ ಅರ್ಧ ತಪ್ಪಿ ಹೋಗುತ್ತೆ. ಫಿಲಿಪ್ಸ್ ಮತ್ತೆ ಅವನ ಜೊತೆಗಾರ ಹೆರಾಲ್ಡ್ ಬ್ರೈಡ್ ಇಬ್ಬರೂ ಮಾರ್ಕೋನಿ ಕಂಪನಿಯ ನೌಕರರು. ಪ್ರಯಾಣಿಕರು ಕಾಸು ಕೊಟ್ಟು ಕಳಿಸೋ ಖಾಸಗಿ ಟೆಲಿಗ್ರಾಂ, ಅದೇ ಆ ರೂಮಿನ ವ್ಯಾಪಾರ. ಹಿಂದಿನ ರಾತ್ರಿ ಟೈಟಾನಿಕ್‌ನ ಸೆಟ್ ಕೆಟ್ಟಿತ್ತು, ಇಬ್ಬರೂ ಗಂಟೆಗಟ್ಟಲೆ ನಿದ್ದೆಗೆಟ್ಟು ಅದನ್ನ ರಿಪೇರಿ ಮಾಡಿದ್ರು, ಅಷ್ಟರಲ್ಲಿ ಸಂದೇಶಗಳ ರಾಶಿ ಬಿದ್ದಿತ್ತು, ನ್ಯೂಫೌಂಡ್‌ಲ್ಯಾಂಡ್‌ನ ಕೇಪ್ ರೇಸ್ ಸ್ಟೇಷನ್ ಆ ರಾತ್ರಿ ಕೈಗೆ ಸಿಕ್ಕಿತ್ತು, ಆ ರಾಶಿ ಕರಗಿಸೋ ಆತುರ. ಕ್ಯಾಲಿಫೋರ್ನಿಯನ್ ಪಕ್ಕದಲ್ಲೇ ಇದ್ದದ್ದರಿಂದ ಅದರ ಸಿಗ್ನಲ್ ಕಿವಿಗೆ ಬಡಿಯೋ ಹಾಗೆ ಜೋರಾಗಿ ಬಂದು ಕೇಪ್ ರೇಸ್‌ನ ಸಣ್ಣ ಸದ್ದನ್ನ ಮುಚ್ಚಿಹಾಕಿತು. ವಿದ್ಯುತ್ ಕಿಡಿಯಿಂದ ಸಿಗ್ನಲ್ ಕಳಿಸೋ ಆಗಿನ ಸ್ಪಾರ್ಕ್ ಸೆಟ್‌ಗಳು ಹಾಗೇ, ಈಗಿನ ಥರ ಚಾನೆಲ್ ಬದಲಾಯಿಸ್ಕೊಂಡು ಆರಾಮಾಗಿ ಮಾತಾಡೋ ಕಾಲ ಅಲ್ಲ.

ಇನ್ನೊಂದು ಮುಖ್ಯ ವಿಷಯ. ಕ್ಯಾಪ್ಟನ್‌ನಿಂದ ಕ್ಯಾಪ್ಟನ್‌ಗೆ ಹೋಗೋ ಸಂದೇಶಕ್ಕೆ ಮುಂದೆ ಎಂಎಸ್‌ಜಿ ಅನ್ನೋ ಗುರುತು ಹಾಕ್ತಿದ್ರು, ಅದು ಇದ್ರೆ ಆಪರೇಟರ್ ಅದನ್ನ ಬ್ರಿಡ್ಜ್‌ಗೆ, ಅಂದ್ರೆ ಹಡಗು ನಡೆಸೋ ಕೋಣೆಗೆ, ತಲುಪಿಸಲೇಬೇಕು. ಇವಾನ್ಸ್ ಹಾಕ್ಲಿಲ್ಲ, ಮಾತಾಡೋ ಥರ ಕಳಿಸಿದ. ಹಾಗಾಗಿ ಒಂದು ಅಧಿಕೃತ ಎಚ್ಚರಿಕೆ ಆಗಬೇಕಿದ್ದದ್ದು ಬರೀ ಹರಟೆಯಾಗಿ ಹೋಯ್ತು. ಅದೇ ರಾತ್ರಿ 9:40ರ ಸುಮಾರಿಗೆ ಮೆಸಾಬಾ ಅನ್ನೋ ಹಡಗು ಟೈಟಾನಿಕ್ ಹೋಗ್ತಿದ್ದ ದಾರಿಯಲ್ಲೇ ಹಿಮದ ಬಯಲು ಇದೆ ಅಂತ ಕಳಿಸಿದ್ದ ಸಂದೇಶವೂ ಬ್ರಿಡ್ಜ್‌ಗೆ ತಲುಪ್ಲಿಲ್ಲ ಅಂತ ಬ್ರಿಟಿಷ್ ವಿಚಾರಣೆಯಲ್ಲಿ ತೀರ್ಮಾನ ಆಯ್ತು. ಸುರಕ್ಷತೆಯ ಸಂದೇಶ ಮತ್ತೆ ಯಾರದೋ ಹುಟ್ಟುಹಬ್ಬದ ಶುಭಾಶಯ ಎರಡೂ ಒಂದೇ ಮೇಜಿನ ಮೇಲೆ ಒಂದೇ ಸಾಲಲ್ಲಿ ಕಾಯ್ತಿದ್ದ ವ್ಯವಸ್ಥೆ ಅದು.

ಇವಾನ್ಸ್ ಬೆಳಗ್ಗೆ 7ರಿಂದ ಕೂತಿದ್ದ. ಒಬ್ಬನೇ ಆಪರೇಟರ್, ಪಾಳಿ ಬದಲಾಯಿಸೋಕೆ ಇನ್ನೊಬ್ಬ ಇಲ್ಲ. ಇನ್ನಷ್ಟು ಹೊತ್ತು ಕೇಳಿಸ್ಕೊಂಡು, 11:30ರ ಸುಮಾರಿಗೆ ಹೆಡ್‌ಫೋನ್ ತೆಗೆದಿಟ್ಟು ಮಲಗಿದ. ಅವನು ಯಾವ ನಿಯಮವನ್ನೂ ಮುರೀಲಿಲ್ಲ, ದಿನಾ ಮಾಡ್ತಿದ್ದದ್ದನ್ನೇ ಮಾಡಿದ. 11:40ಕ್ಕೆ ಟೈಟಾನಿಕ್ ಹಿಮಬಂಡೆಗೆ ಹೊಡೀತು. ಮಧ್ಯರಾತ್ರಿ ದಾಟಿ ಕಾಲು ಗಂಟೆ ಆದ್ಮೇಲೆ ಫಿಲಿಪ್ಸ್ ಮೊದಲು ಸಿಕ್ಯೂಡಿ ಅನ್ನೋ ಹಳೇ ಅಪಾಯದ ಸಂಕೇತ, ಆಮೇಲೆ ಎಸ್‌ಒಎಸ್ ಕಳ್ಸೋಕೆ ಶುರು ಮಾಡಿದ.

ಇಲ್ಲಿ ಒಂದು ಘಟನೆ ಇದೆ, ಇಡೀ ಪ್ರಕರಣದಲ್ಲಿ ನನ್ನನ್ನ ಹೆಚ್ಚು ಕಾಡೋದು ಇದೇ. ಕ್ಯಾಲಿಫೋರ್ನಿಯನ್‌ನ ಥರ್ಡ್ ಆಫೀಸರ್ ಚಾರ್ಲ್ಸ್ ಗ್ರೋವ್ಸ್‌ಗೆ ವೈರ್‌ಲೆಸ್ ಅಂದ್ರೆ ಆಸಕ್ತಿ, ಸ್ವಲ್ಪ ಮೋರ್ಸ್ ಕಲ್ತಿದ್ದ, ಡ್ಯೂಟಿ ಮುಗಿದ್ಮೇಲೆ ಇವಾನ್ಸ್ ರೂಮಿಗೆ ಹೋಗಿ ಕೂರೋ ಅಭ್ಯಾಸ. ಆ ರಾತ್ರಿನೂ 12:15ರ ಸುಮಾರಿಗೆ ಹೋದ, ಅಂದ್ರೆ ಸರಿಯಾಗಿ ಕರೆ ಶುರುವಾಗೋ ಹೊತ್ತು. ಮಲಗಿದ್ದ ಇವಾನ್ಸ್ ಹತ್ರ ಎರಡು ಮಾತಾಡಿ, ಹೆಡ್‌ಫೋನ್ ಎತ್ಕೊಂಡು ಕಿವಿಗೆ ಹಾಕ್ಕೊಂಡ, ಏನೂ ಕೇಳಿಸ್ಲಿಲ್ಲ. ಆಗಿನ ರಿಸೀವರ್‌ನ ಮ್ಯಾಗ್ನೆಟಿಕ್ ಡಿಟೆಕ್ಟರ್ ಒಳಗೆ ಗಡಿಯಾರದ ಥರ ಕೀ ಕೊಡೋ ಯಂತ್ರ ಇತ್ತು, ಅದು ತಿರುಗ್ತಾ ಇದ್ರೆ ಮಾತ್ರ ಸದ್ದು ಬರೋದು, ಅದು ನಿಂತಿತ್ತು, ಕೀ ಕೊಡಬೇಕು ಅಂತ ಗ್ರೋವ್ಸ್‌ಗೆ ಹೊಳೀಲಿಲ್ಲ. ಇವಾನ್ಸ್ ಅರೆನಿದ್ದೆಯಲ್ಲಿದ್ದ. ಗ್ರೋವ್ಸ್ ಹೆಡ್‌ಫೋನ್ ಇಟ್ಟು ಹೋಗಿಬಿಟ್ಟ. ಉಪಕರಣ ಕೈಯಲ್ಲಿದ್ದು, ಕಿವಿ ಅಲ್ಲೇ ಇದ್ದು, ಅದನ್ನ ಬಳಸೋ ತರಬೇತಿ ಇಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ. ಇವತ್ತು ಹಡಗು ನಡೆಸೋ ಡೆಕ್ ಆಫೀಸರ್‌ಗಳೆಲ್ಲ ರೇಡಿಯೋ ಪರೀಕ್ಷೆ ಪಾಸಾಗಿರ್ಬೇಕು ಅಂತ ಕಾನೂನು ಹಟ ಹಿಡಿಯೋದು ಸುಮ್ನೆ ಅಲ್ಲ.

ಇದಾದ್ಮೇಲೆ ಡೆಕ್ ಮೇಲೆ ಸೆಕೆಂಡ್ ಆಫೀಸರ್ ಹರ್ಬರ್ಟ್ ಸ್ಟೋನ್, ಅಪ್ರೆಂಟಿಸ್ ಜೇಮ್ಸ್ ಗಿಬ್ಸನ್ ಇಬ್ಬರೂ ದೂರದಲ್ಲಿ ಬಿಳಿ ರಾಕೆಟ್ ಹಾರೋದನ್ನ ನೋಡಿದ್ರು, ಒಟ್ಟು ಎಂಟು. ಕ್ಯಾಪ್ಟನ್‌ಗೆ ಹೇಳಿ ಕಳಿಸಿದ್ರು, ಮೋರ್ಸ್ ದೀಪದಲ್ಲಿ ವಿಚಾರಿಸ್ತಾ ಇರಿ ಅಂತ ಉತ್ತರ ಬಂತು. ದೀಪಕ್ಕೆ ಆ ಕಡೆಯಿಂದ ಉತ್ತರ ಇಲ್ಲ. ಕೆಲವೇ ಹೆಜ್ಜೆ ದೂರದ ರೂಮಲ್ಲಿ ಮಲಗಿದ್ದ ಆಪರೇಟರನ್ನ ಎಬ್ಬಿಸಿ ಸೆಟ್ ಆನ್ ಮಾಡು ಅಂತ ಯಾರೂ ಹೇಳ್ಲಿಲ್ಲ. ಬೆಳಗಿನ ಜಾವ 5:30ರ ಸುಮಾರಿಗೆ ಚೀಫ್ ಆಫೀಸರ್ ಜಾರ್ಜ್ ಸ್ಟುವರ್ಟ್ ಇವಾನ್ಸ್‌ನ ಎಬ್ಬಿಸಿ, ರಾತ್ರಿ ಯಾವ್ದೋ ಹಡಗು ರಾಕೆಟ್ ಹಾರಿಸ್ತಿತ್ತಂತೆ ನೋಡು ಅಂದ್ರು. ಇವಾನ್ಸ್ ಹೆಡ್‌ಫೋನ್ ಹಾಕಿ ಕರೆದ, ಕೆಲವೇ ನಿಮಿಷದಲ್ಲಿ ಬೇರೆ ಹಡಗುಗಳಿಂದ ಉತ್ತರ ಬಂತು, ಟೈಟಾನಿಕ್ ಮುಳುಗಿದೆ ಅಂತ. ಮುಳುಗಿದ್ದು 2:20ಕ್ಕೆ. ಸುಮಾರು 1,500 ಜನ ಸತ್ತಿದ್ರು, ಫಿಲಿಪ್ಸ್ ಕೂಡ ಅದ್ರಲ್ಲಿ ಒಬ್ಬ.

ಇದರ ಪಕ್ಕಕ್ಕೆ ಕಾರ್ಪೇಥಿಯಾವನ್ನ ಇಟ್ಟು ನೋಡಿ. 58 ಮೈಲಿ ದೂರದಲ್ಲಿತ್ತು. ಅಲ್ಲೂ ಒಬ್ಬನೇ ಆಪರೇಟರ್, ಹೆರಾಲ್ಡ್ ಕಾಟಮ್, ಅವನಿಗೂ 21 ವರ್ಷ ಅಷ್ಟೇ, ಅವನೂ ಮಲಗೋಕೆ ಬಟ್ಟೆ ಬಿಚ್ತಾ ಇದ್ದ. ಇನ್ನೊಂದು ಹಡಗಿಂದ ಉತ್ತರ ಬರಬಹುದು ಅಂತ ಹೆಡ್‌ಫೋನ್ ಇನ್ನೂ ತೆಗ್ದಿರ್ಲಿಲ್ಲ, ಆಮೇಲೆ ಟೈಟಾನಿಕ್‌ಗೆ ಸಂದೇಶಗಳು ಕಾಯ್ತಿವೆ ಅಂತ ತಿಳಿಸೋಣ ಅಂದ್ಕೊಂಡು ತಾನೇ ಕರೆದ, ಆಗ ಫಿಲಿಪ್ಸ್, ತಕ್ಷಣ ಬಾ, ಹಿಮಬಂಡೆಗೆ ಹೊಡೆದಿದ್ದೀವಿ ಅಂದ. ಕ್ಯಾಪ್ಟನ್ ಆರ್ಥರ್ ರಾಸ್ಟ್ರನ್ ಹಡಗು ತಿರುಗಿಸಿ, ಕತ್ತಲಲ್ಲಿ ಹಿಮಗಡ್ಡೆಗಳ ನಡುವೆ ಓಡಿಸ್ಕೊಂಡು ಬಂದು 4 ಗಂಟೆಗೆ ತಲುಪಿ 700ಕ್ಕೂ ಹೆಚ್ಚು ಜನರನ್ನ ಹತ್ತಿಸ್ಕೊಂಡ್ರು. ಎರಡೂ ಹಡಗಲ್ಲಿ ಒಬ್ಬೊಬ್ಬನೇ ಆಪರೇಟರ್, ಇಬ್ಬರೂ ಅದೇ ಮಾರ್ಕೋನಿ ಕಂಪನಿಯವರು, ಎರಡಕ್ಕೂ ಹೊಂದೋ ಒಂದೇ ಥರದ ನಿಯಮ. ಒಬ್ಬ ಮುಂಚೆ ಹೆಡ್‌ಫೋನ್ ತೆಗೆದ, ಇನ್ನೊಬ್ಬ ಸ್ವಲ್ಪ ಹೊತ್ತು ಇಟ್ಕೊಂಡಿದ್ದ. 700 ಜನರ ಜೀವ ಉಳಿದದ್ದು ಅಷ್ಟು ತೆಳು ದಾರದ ಮೇಲೆ, ಕಾನೂನಿನ ಬಲದಿಂದ ಅಲ್ಲ.

ಹಾಗಾದ್ರೆ ಆಗ ಕಾನೂನು ಏನಿತ್ತು? ಬ್ರಿಟನ್‌ನಲ್ಲಿ ವೈರ್‌ಲೆಸ್ ಇಡೋಕೆ ಲೈಸೆನ್ಸ್ ಬೇಕು ಅನ್ನೋ 1904ರ ಕಾಯ್ದೆ ಇತ್ತು, ಆದ್ರೆ ಹಡಗಲ್ಲಿ ವೈರ್‌ಲೆಸ್ ಇಡ್ಲೇಬೇಕು ಅನ್ನೋ ಕಾಯ್ದೆ ಇರ್ಲಿಲ್ಲ. 1906ರ ಬರ್ಲಿನ್ ಒಪ್ಪಂದದಲ್ಲಿ ಎಸ್‌ಒಎಸ್ ಅಪಾಯದ ಸಂಕೇತ ಅಂತ ತೀರ್ಮಾನ ಆಗಿತ್ತು, ಬೇರೆ ಕಂಪನಿಯ ಸೆಟ್ ಅಂತ ಉತ್ತರ ಕೊಡದೆ ಇರಬಾರದು ಅಂತಾನೂ ಆಗಿತ್ತು. ಅಮೆರಿಕ ಒಂದು ಹೆಜ್ಜೆ ಮುಂದೆ ಹೋಗಿತ್ತು. 1909ರ ಜನವರಿಯಲ್ಲಿ ರಿಪಬ್ಲಿಕ್ ಮತ್ತೆ ಫ್ಲೋರಿಡಾ ಅನ್ನೋ ಎರಡು ಹಡಗು ಮಂಜಿನಲ್ಲಿ ಡಿಕ್ಕಿ ಹೊಡೆದಾಗ ರಿಪಬ್ಲಿಕ್‌ನ ಆಪರೇಟರ್ ಜ್ಯಾಕ್ ಬಿನ್ಸ್ ಗಂಟೆಗಟ್ಟಲೆ ಕರೆ ಕಳಿಸಿ ಜನರನ್ನ ಉಳಿಸಿದ್ದ, ಆ ಘಟನೆಯ ಬೆನ್ನಿಗೆ 1910ರಲ್ಲಿ ಅಮೆರಿಕದ ಕಾಯ್ದೆ ಬಂತು: ಅಮೆರಿಕದ ಬಂದರಿಂದ ಹೊರಡೋ, 50 ಅಥವಾ ಹೆಚ್ಚು ಜನ ಇರೋ ಪ್ರಯಾಣಿಕರ ಹಡಗಲ್ಲಿ ಕನಿಷ್ಠ 100 ಮೈಲಿ ತಲುಪೋ ರೇಡಿಯೋ ಇರ್ಬೇಕು, ಅದನ್ನ ಬಳಸೋದು ಗೊತ್ತಿರೋ ಒಬ್ಬ ವ್ಯಕ್ತಿ ಇರ್ಬೇಕು, 200 ಮೈಲಿಗಿಂತ ಕಮ್ಮಿ ದೂರದ ಬಂದರುಗಳ ನಡುವೆ ಓಡಾಡೋರಿಗೆ ವಿನಾಯ್ತಿ. ಇಲ್ಲಿ ಗಮನಿಸಿ, ಒಬ್ಬ ವ್ಯಕ್ತಿ. ಅವನು ಯಾವಾಗ ಎಚ್ಚರ ಇರ್ಬೇಕು, ಅವನು ಮಲಗಿದಾಗ ಯಾರು ಕೇಳಿಸ್ಕೋಬೇಕು, ಒಂದಕ್ಷರ ಇಲ್ಲ. ರಿಪಬ್ಲಿಕ್ ಪ್ರಕರಣದಲ್ಲಿ ಕರೆ ಕಳಿಸಿದವನ ಸಾಹಸ ಎಲ್ಲರ ಕಣ್ಣಿಗೆ ಬಿದ್ದಿತ್ತು, ಕೇಳಿಸ್ಕೊಳ್ಳೋನ ಬಗ್ಗೆ ಯಾರೂ ಯೋಚನೆ ಮಾಡ್ಲಿಲ್ಲ, ಹಾಗಾಗಿ ಬರೆದ ಕಾನೂನೂ ಕಳಿಸೋನ ಕಡೆಯಿಂದಲೇ ಬರೆದದ್ದು.

ಟೈಟಾನಿಕ್ ಆದ್ಮೇಲೆ ಅಮೆರಿಕದಲ್ಲಿ ಸೆನೆಟರ್ ವಿಲಿಯಂ ಆಲ್ಡನ್ ಸ್ಮಿತ್, ಬ್ರಿಟನ್‌ನಲ್ಲಿ ಲಾರ್ಡ್ ಮರ್ಸಿ ವಿಚಾರಣೆ ನಡೆಸಿದ್ರು. 1912ರ ಜುಲೈ 23ರಂದು ಅಮೆರಿಕ ತನ್ನ 1910ರ ಕಾಯ್ದೆಯನ್ನ ತಿದ್ದಿತು. ಆ ತಿದ್ದುಪಡಿ ಓದಿದ್ರೆ ಒಂದೊಂದು ಸಾಲೂ ಆ ರಾತ್ರಿಯ ಒಂದೊಂದು ಲೋಪಕ್ಕೆ ಕೊಟ್ಟ ಉತ್ತರ ಅಂತ ಗೊತ್ತಾಗುತ್ತೆ. ಇಬ್ಬರು ಅಥವಾ ಹೆಚ್ಚು ಆಪರೇಟರ್ ಇರ್ಬೇಕು, ಹಡಗು ಚಲಿಸ್ತಿರೋವರೆಗೂ ಒಬ್ಬರಾದ್ರೂ ಡ್ಯೂಟಿಯಲ್ಲಿರ್ಬೇಕು. ಹಡಗಿನ ಮುಖ್ಯ ವಿದ್ಯುತ್ ಹೋದ್ರೂ ಕನಿಷ್ಠ 4 ಗಂಟೆ ಸೆಟ್ ನಡೆಸೋ ಪ್ರತ್ಯೇಕ ಶಕ್ತಿ ಇರ್ಬೇಕು. ರೇಡಿಯೋ ರೂಮಿಂದ ಬ್ರಿಡ್ಜ್‌ಗೆ ಸರಿಯಾದ ಸಂಪರ್ಕ ಇರ್ಬೇಕು. ಮತ್ತೆ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು, ರೇಡಿಯೋ, ಅದರ ಆಪರೇಟರ್‌ಗಳು, ಅವರ ಪಾಳಿ ಎಲ್ಲ ಕ್ಯಾಪ್ಟನ್ ಹತೋಟಿಯಲ್ಲಿರ್ಬೇಕು ಅಂತ ಸ್ಪಷ್ಟವಾಗಿ ಬರೆದ್ರು. ಅಲ್ಲೀವರೆಗೆ ಆಪರೇಟರ್ ಹಡಗಿನ ಬಾಡಿಗೆ ಅಂಗಡಿಯಲ್ಲಿ ಕೂತ ಬೇರೆ ಕಂಪನಿಯ ಮನುಷ್ಯನಂತಿದ್ದ, ಅಲ್ಲಿಂದ ಮುಂದೆ ರೇಡಿಯೋ ಅನ್ನೋದು ಹಡಗಿನ ಸುರಕ್ಷತೆಯ ಭಾಗ ಆಯ್ತು.

ಅದೇ ವರ್ಷ ಆಗಸ್ಟ್ 13ರಂದು ಅಮೆರಿಕದಲ್ಲಿ ಬಂದ ರೇಡಿಯೋ ಕಾಯ್ದೆ ಲೈಸೆನ್ಸ್ ಕಡ್ಡಾಯ ಮಾಡಿತು, ಅಪಾಯದ ಕರೆಗೆ ಎಲ್ಲಕ್ಕಿಂತ ಮೊದಲ ಆದ್ಯತೆ ಕೊಟ್ಟಿತು, ಹವ್ಯಾಸಿಗಳನ್ನ, ಅಂದ್ರೆ ಮನೆಯಲ್ಲಿ ಖುಷಿಗೆ ಅಂತ ರೇಡಿಯೋ ನಡೆಸೋರನ್ನ, 200 ಮೀಟರ್ ತರಂಗಾಂತರದ ಕೆಳಕ್ಕೆ ತಳ್ಳಿತು. ಹವ್ಯಾಸಿಗಳ ಮೇಲೆ ಯಾಕೆ ಸಿಟ್ಟು ಅಂದ್ರೆ ದುರಂತದ ಮಾರನೇ ದಿನ ಟೈಟಾನಿಕ್ ಪ್ರಯಾಣಿಕರೆಲ್ಲ ಕ್ಷೇಮ, ಹಡಗನ್ನ ಹ್ಯಾಲಿಫ್ಯಾಕ್ಸ್‌ಗೆ ಎಳ್ಕೊಂಡು ಹೋಗ್ತಿದ್ದಾರೆ ಅಂತ ಸುಳ್ಳು ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು, ಗಾಳಿಯಲ್ಲಿನ ಗೊಂದಲಕ್ಕೆ ಇವರೇ ಕಾರಣ ಅಂತ ಬಹಳ ಜನ ದೂರಿದ್ರು.

1914ರ ಜನವರಿ 20ರಂದು ಲಂಡನ್‌ನಲ್ಲಿ ಮೊದಲ ಸೋಲಾಸ್ ಒಪ್ಪಂದಕ್ಕೆ, ಅಂದ್ರೆ ಸಮುದ್ರದಲ್ಲಿ ಜೀವ ಉಳಿಸೋ ಬಗ್ಗೆ ದೇಶಗಳ ನಡುವಿನ ಒಪ್ಪಂದಕ್ಕೆ, ಸಹಿ ಬಿತ್ತು: 50 ಅಥವಾ ಹೆಚ್ಚು ಜನ ಇರೋ ಹಡಗಿಗೆ ರೇಡಿಯೋ, ಮುಖ್ಯ ಹಡಗುಗಳಲ್ಲಿ ನಿರಂತರ ಕೇಳುವಿಕೆ, ಮೇಲ್ಭಾಗದಲ್ಲಿ ತುರ್ತು ಸೆಟ್. ಮಹಾಯುದ್ಧ ಶುರುವಾಗಿ ಅದು ಅಂದ್ಕೊಂಡ ಹಾಗೆ ಜಾರಿಗೆ ಬರ್ಲಿಲ್ಲ. ಬ್ರಿಟನ್ ತನ್ನದೇ ಕಡ್ಡಾಯ ಕಾಯ್ದೆ ಮಾಡಿದ್ದು 1919ರಲ್ಲಿ.

ಇನ್ನು ಕ್ಯಾಪ್ಟನ್ ಲಾರ್ಡ್ ವಿಷಯ, ಇದನ್ನ ಬಿಟ್ರೆ ಅಧ್ಯಯನ ಅಪೂರ್ಣ. ಮರ್ಸಿ ತಮ್ಮ ವರದಿಯಲ್ಲಿ, ಕ್ಯಾಲಿಫೋರ್ನಿಯನ್ ಹಿಮ ದಾಟಿ ಬಂದಿದ್ರೆ ಎಲ್ಲರನ್ನ ಅಲ್ಲದಿದ್ರೂ ಬಹಳ ಜನರನ್ನ ಉಳಿಸಬಹುದಿತ್ತು ಅಂತ ಬರೆದ್ರು, ದೂರವನ್ನೂ 8ರಿಂದ 10 ಮೈಲಿ ಇರಬಹುದು ಅಂದ್ರು. 1985ರಲ್ಲಿ ಟೈಟಾನಿಕ್ ಅವಶೇಷ ಸಿಕ್ಕು, ಅದು ಮುಳುಗಿದ ನಿಜವಾದ ಜಾಗ ಗೊತ್ತಾದ್ಮೇಲೆ ಬ್ರಿಟನ್‌ನ ಸಾಗರ ಅಪಘಾತ ತನಿಖಾ ವಿಭಾಗ 1992ರಲ್ಲಿ ಮತ್ತೆ ಪರಿಶೀಲಿಸಿತು. ದೂರ ಅದಕ್ಕಿಂತ ಹೆಚ್ಚಿರಬಹುದು, ರಾಕೆಟ್ ನೋಡಿದ ತಕ್ಷಣ ಹೊರಟಿದ್ರೂ ಕಾರ್ಪೇಥಿಯಾ ಮಾಡಿದ ಕೆಲಸವನ್ನೇ ಇವರು ಮಾಡ್ತಿದ್ರು, ಅಂದ್ರೆ ದೋಣಿಯಲ್ಲಿದ್ದವರನ್ನ ಹತ್ತಿಸ್ಕೊಳ್ಳೋದು, ಅಂತ ಅದರ ಅಭಿಪ್ರಾಯ. ರಾಕೆಟ್‌ಗೆ ಸರಿಯಾದ ಕ್ರಮ ತಗೊಳ್ಲಿಲ್ಲ ಅನ್ನೋದನ್ನ ಅದೂ ಒಪ್ಪಿತು. ಈ ಜಗಳ ಇನ್ನೂ ಮುಗಿದಿಲ್ಲ, ಲಾರ್ಡ್ ಪರ ವಿರೋಧ ಅಂತ ಎರಡು ಬಣಗಳೇ ಇವೆ. ನಾನು ಇದನ್ನ ನೋಡೋದು ಹೀಗೆ: ಮೊದಲ ಕರೆ 12:15ಕ್ಕೆ ಹೋದದ್ದು, ಮೊದಲ ರಾಕೆಟ್ ಅದಾದ್ಮೇಲೆ. ರೇಡಿಯೋ ಡ್ಯೂಟಿಯಲ್ಲಿ ಒಬ್ಬ ಇದ್ದಿದ್ರೆ ರಾಕೆಟ್ ಯಾವ ಕಂಪನಿದು, ಯಾವ ಬಣ್ಣ, ಏನರ್ಥ ಅನ್ನೋ ಚರ್ಚೆಯೇ ಹುಟ್ತಿರ್ಲಿಲ್ಲ, ಟೈಟಾನಿಕ್ ಮುಳುಗ್ತಿದೆ, ಜಾಗ ಇಂಥದ್ದು ಅಂತ ಚೀಟಿ ಕ್ಯಾಪ್ಟನ್ ಕೈಯಲ್ಲಿರ್ತಿತ್ತು. ಎಷ್ಟು ಜನ ಉಳೀತಿದ್ರು ಅಂತ ಯಾರೂ ಖಚಿತವಾಗಿ ಹೇಳೋಕಾಗಲ್ಲ, ಆದ್ರೆ ಒಬ್ಬ ಕ್ಯಾಪ್ಟನ್‌ನ ಅಂದಾಜಿನ ಮೇಲೆ ಬಿಡಬಾರದ ವಿಷಯವನ್ನ ಅವತ್ತು ಅವರ ಅಂದಾಜಿಗೆ ಬಿಟ್ಟಿದ್ದು ಮಾತ್ರ ಖಚಿತ.

ನಿರಂತರ ಕೇಳುವಿಕೆ ಅಂದ್ರೆ ಸಂಬಳದ ಖರ್ಚು, ಸರಕು ಹಡಗಿನ ಮಾಲೀಕರು ಇದಕ್ಕೆ ಸುಲಭವಾಗಿ ಒಪ್ಪೋರಲ್ಲ. ಹಾಗಾಗಿ ಬಂದದ್ದು ಆಟೋ ಅಲಾರಂ. ಅಪಾಯದ ಕರೆಗೆ ಮುಂಚೆ ತಲಾ 4 ಸೆಕೆಂಡಿನ 12 ಉದ್ದ ಮೋರ್ಸ್ ಗೆರೆ (ಡ್ಯಾಶ್), ನಡುವೆ 1 ಸೆಕೆಂಡ್ ಬಿಡುವು ಕೊಟ್ಟು ಕಳಿಸ್ಬೇಕಿತ್ತು, ಅದರಲ್ಲಿ ಕೆಲವು ಸರಿಯಾಗಿ ಬಂದ್ರೆ ಸಾಕು, ಆಪರೇಟರ್ ಮಲಗಿರೋ ರೂಮಲ್ಲೂ ಬ್ರಿಡ್ಜ್‌ನಲ್ಲೂ ಗಂಟೆ ಹೊಡ್ಕೊಳ್ತಿತ್ತು. ಜೊತೆಗೆ 500 ಕಿಲೋಹರ್ಟ್ಜ್‌ನಲ್ಲಿ ಪ್ರತಿ ಗಂಟೆಯ 15ರಿಂದ 18, 45ರಿಂದ 48ನೇ ನಿಮಿಷದವರೆಗೆ ಎಲ್ಲರೂ ಸುಮ್ಮನಿದ್ದು ಬರೀ ಕೇಳಿಸ್ಕೋಬೇಕು ಅನ್ನೋ ನಿಯಮ ಇತ್ತು. ಹಳೇ ರೇಡಿಯೋ ರೂಮಿನ ಗಡಿಯಾರಗಳಲ್ಲಿ ಆ ಮೂರು ಮೂರು ನಿಮಿಷಕ್ಕೆ ಕೆಂಪು ಬಣ್ಣ ಬಳಿದಿರೋದು ಇದಕ್ಕೇ. ನಾನಂತೂ ಇದನ್ನ ಹಡಗಿನ ಕಾನೂನಲ್ಲೇ ಅತ್ಯಂತ ಸುಂದರವಾದ ನಿಯಮ ಅಂತೀನಿ, ಇಡೀ ಸಮುದ್ರ ಒಟ್ಟಿಗೆ ಬಾಯ್ಮುಚ್ಕೊಂಡು ಯಾರಾದ್ರೂ ಕರೀತಿದ್ದಾರಾ ಅಂತ ಕಾಯೋದು.

ಈಗ ಮೋರ್ಸ್ ಹೋಯ್ತು, ರೇಡಿಯೋ ಆಫೀಸರ್ ಅನ್ನೋ ಪ್ರತ್ಯೇಕ ಹುದ್ದೆನೂ ಬಹುತೇಕ ಹೋಯ್ತು. ಸೋಲಾಸ್‌ನ 1988ರ ತಿದ್ದುಪಡಿಯಿಂದ ಬಂದ ಜಿಎಂಡಿಎಸ್‌ಎಸ್, ಅಂದ್ರೆ ಸಮುದ್ರದ ಅಪಾಯದ ಕರೆಗಳಿಗೆ ಅಂತಾನೇ ಇರೋ ಜಾಗತಿಕ ವ್ಯವಸ್ಥೆ, 1992ರ ಫೆಬ್ರವರಿ 1ರಿಂದ ಶುರುವಾಗಿ 1999ರ ಫೆಬ್ರವರಿ 1ಕ್ಕೆ ಪೂರ್ತಿ ಜಾರಿಗೆ ಬಂತು. ಅಂತಾರಾಷ್ಟ್ರೀಯ ಪ್ರಯಾಣದ ಪ್ರಯಾಣಿಕರ ಹಡಗುಗಳಿಗೆ, 300 ಟನ್ನೇಜ್ ಮತ್ತೆ ಮೇಲಿನ ಸರಕು ಹಡಗುಗಳಿಗೆ ಇದು ಅನ್ವಯ. ವಿಎಚ್‌ಎಫ್ ಚಾನೆಲ್ 70ರಲ್ಲಿ ಯಂತ್ರವೇ 24 ಗಂಟೆ ಕಿವಿಗೊಟ್ಟಿರುತ್ತೆ, ಹಡಗು ಮುಳುಗಿದ್ರೆ ನೀರಿನ ಒತ್ತಡಕ್ಕೆ ತಾನೇ ಬಿಚ್ಕೊಂಡು ಮೇಲೆ ತೇಲಿ 406 ಮೆಗಾಹರ್ಟ್ಜ್‌ನಲ್ಲಿ ಉಪಗ್ರಹಕ್ಕೆ ಸಿಗ್ನಲ್ ಕೊಡೋ ಇಪಿಐಆರ್‌ಬಿ ಇರುತ್ತೆ, ಬ್ಯಾಟರಿ ದಿನಾ ಚೆಕ್ ಮಾಡಿ ರೇಡಿಯೋ ಲಾಗ್‌ನಲ್ಲಿ ಬರೀಬೇಕು. ಭಾರತದಲ್ಲಿ ಆಪರೇಟರ್ ಸರ್ಟಿಫಿಕೇಟ್ ಕೊಡೋದು ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ, ಡೆಕ್ ಆಫೀಸರ್ ಆಗೋರೆಲ್ಲ ಅದನ್ನ ಪಾಸ್ ಮಾಡ್ಲೇಬೇಕು, ಅಂದ್ರೆ ಗ್ರೋವ್ಸ್ ಜಾಗದಲ್ಲಿ ಇವತ್ತು ಇರೋನಿಗೆ ಸೆಟ್ ನಡೆಸೋದು ಗೊತ್ತಿರುತ್ತೆ. ಪ್ರಯಾಣಿಕರ ಹಡಗಲ್ಲಾದ್ರೆ ಅಪಾಯದ ಹೊತ್ತಲ್ಲಿ ಅರ್ಹತೆ ಇರೋ ಒಬ್ಬರು ರೇಡಿಯೋ ಕೆಲಸ ಬಿಟ್ಟು ಬೇರೇನೂ ಮಾಡಬಾರದು ಅಂತ ಸೋಲಾಸ್ ಹೇಳುತ್ತೆ. ಸರಕು ಹಡಗಿಗೆ ಅಷ್ಟು ಬಿಗಿ ಇಲ್ಲ, ಒಬ್ಬರಿಗೆ ಮುಖ್ಯ ಹೊಣೆ ವಹಿಸಿದ್ರೆ ಸಾಕು. ಬೆಂಕಿ ಬಿದ್ದಾಗ ಅದೇ ಆಫೀಸರ್‌ಗೆ ಇನ್ನೂ ಹತ್ತು ಕೆಲಸ ಬೀಳುತ್ತೆ, ಇದು ನನಗೆ ಸಮಾಧಾನ ತರೋ ವಿಷಯ ಅಲ್ಲ.

ನಮ್ಮೂರಿಗೂ ಇದಕ್ಕೂ ಸಂಬಂಧ ಇದೆ. ಭಾರತದ ಸುತ್ತಲಿನ ಸಮುದ್ರದಲ್ಲಿ ಆ 406 ಮೆಗಾಹರ್ಟ್ಜ್ ಬೀಕನ್ ಕೂಗಿದ್ರೆ ಅದು ಮೊದಲು ಬರೋದು ಬೆಂಗಳೂರಿನಲ್ಲಿರೋ ಇಸ್ರೋದ ಮಿಷನ್ ಕಂಟ್ರೋಲ್ ಸೆಂಟರ್‌ಗೆ, ಅಲ್ಲಿಂದ ಕರಾವಳಿ ಕಾವಲು ಪಡೆಗೆ. ಆದ್ರೆ ಮಲ್ಪೆ, ಮಂಗಳೂರು, ಕಾರವಾರದಿಂದ ಹೋಗೋ ಮೀನುಗಾರಿಕೆ ಬೋಟ್‌ಗಳು 300 ಟನ್ನೇಜ್‌ಗಿಂತ ಎಷ್ಟೋ ಚಿಕ್ಕವು, ಸೋಲಾಸ್‌ನ ಈ ರೇಡಿಯೋ ನಿಯಮ ಅವಕ್ಕೆ ತಾಕೋದೇ ಇಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ 7 ಜನರ ಜೊತೆ ಹೊರಟ ಸುವರ್ಣ ತ್ರಿಭುಜ ಬೋಟ್ ಕಾಣೆಯಾಗಿ, ಅದರ ಅವಶೇಷ ಮಾಲ್ವಣ್ ಹತ್ರ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ತಿಂಗಳುಗಟ್ಟಲೆ ಆ ಮನೆಗಳವರು ಬದುಕಿದ್ದಾರೋ ಇಲ್ವೋ ಅಂತಾನೂ ಗೊತ್ತಿಲ್ಲದೆ ಕಾದ್ರು. ಇಸ್ರೋ ಮೀನುಗಾರರಿಗೆ ಅಂತಾನೇ ಮಾಡಿರೋ ಡಿಎಟಿ ಅನ್ನೋ ತುರ್ತು ಟ್ರಾನ್ಸ್‌ಮಿಟರ್ ಇದೆ, ಹೊಸ ಆವೃತ್ತಿಯಲ್ಲಿ ನಿಮ್ಮ ಕರೆ ತಲುಪಿದೆ ಅಂತ ಬೋಟ್‌ಗೆ ವಾಪಸ್ ಉತ್ತರನೂ ಬರುತ್ತೆ. ಆದ್ರೆ ಸಾಧನ ಹಂಚೋದು ಬೇರೆ, ದೊಡ್ಡ ಹಡಗಿಗೆ ವರ್ಷಕ್ಕೊಮ್ಮೆ ಸರ್ವೇಯರ್ ಹತ್ತಿ ನೋಡೋ ಹಾಗೆ ಬೋಟ್‌ಗೂ ಹತ್ತಿ, ಬ್ಯಾಟರಿ ಇದೆಯಾ, ಬಟನ್ ಒತ್ತೋದು ಬೋಟ್‌ನಲ್ಲಿರೋ ಎಲ್ಲರಿಗೂ ಗೊತ್ತಾ ಅಂತ ಕೇಳಿ, ಆಮೇಲೆ ಲೈಸೆನ್ಸ್ ನವೀಕರಣ ಮಾಡೋದು ಬೇರೆ. ನಮ್ಮ ಕರಾವಳಿಗೆ ಬೇಕಾಗಿರೋದು ಆ ಎರಡನೇದು, ಅದನ್ನ ಬರೀ ಯೋಜನೆಯಾಗಿ ಅಲ್ಲ, ಕಾನೂನಾಗಿ ಬರೀಬೇಕು ಅಂತ ನಾನು ಕೇಳ್ತೀನಿ.